ಹೊಸ ಅಳಿಯನ ಮೇಲೆ ದೂರು

ಮಾರ್ಚ್ 4, ಮಂಗಳವಾರ

ಸರ್ವೀಸ್ ಸೆಂಟರಿನ ಮ್ಯಾನೇಜರು ಹೇಳಿದ್ದಕ್ಕೆ ಇದನ್ನು ಬರೆಯುತ್ತಿದ್ದೇನೆ. "ಬಾಯಲ್ಲಿ ಹೇಳಿದ್ರೆ ಕಂಪನಿಯವ್ರು ಕೇಳಲ್ಲ ಸರ್. ಏನೇನು ತೊಂದ್ರೆ ಆಯ್ತು ಅಂತ ತಾರೀಖು ಹಾಕಿ ಬರೆದಿಡಿ. ಒಂದು ತಿಂಗಳಾದ್ಮೇಲೆ ಕಳಿಸೋಣ" ಎಂದ. ಕಾಗದ ಹುಡುಕಿದರೆ ಕೈಗೆ ಸಿಕ್ಕಿದ್ದು ಅಕ್ಕನ ಅಳತೆ ಪುಸ್ತಕ. ಮುಂದಿನಿಂದ ಅವಳ ಬರಹ ಇದೆ, ಯಾರ ಮನೆಯ ಕಿಟಕಿ ಎಷ್ಟಗಲ, ಎಷ್ಟೆತ್ತರ ಎಂದು. ನಾನು ಹಿಂದಿನ ಪುಟದಿಂದ ಶುರು ಮಾಡಿದ್ದೇನೆ.

ಪಿಕಪ್ ಕೊಂಡು ಏಳು ವಾರ. ಅಕ್ಕ ಇದಕ್ಕೆ 'ಹೊಸ ಅಳಿಯ' ಎಂದು ಹೆಸರಿಟ್ಟಿದ್ದಳು. ಸುತ್ತ ನಾವೇ ಕೈಕಟ್ಟಿ ನಿಂತು ಉಪಚಾರ ಮಾಡಬೇಕು, ಅದಕ್ಕೆ.

ಒಂದು. ಬಾಗಿಲು ತೆಗೆದ ಕೂಡಲೇ ಡ್ರೈವರ್ ಸೀಟು ತಾನಾಗಿಯೇ ಹಿಂದಕ್ಕೆ ಸರಿಯುತ್ತದೆ. ನಾನು ಆರಾಮಾಗಿ ಇಳಿಯಲಿ ಎಂದಂತೆ. ಸೀಟಿನ ಹಿಂದೆ ಇಟ್ಟ ಊಟದ ಡಬ್ಬಿ ಎರಡು ಸಲ ಅಪ್ಪಚ್ಚಿಯಾಗಿದೆ.

ಎರಡು. ಫ್ಯಾನು, ದೀಪ, ರೇಡಿಯೋ ಎಲ್ಲವೂ ಸ್ಕ್ರೀನಿನ ಒಳಗೆ. ನಾವು ಕೆಲಸಕ್ಕೆ ದಪ್ಪ ಗ್ಲೌಸ್ ಹಾಕುವವರು. ಗ್ಲೌಸ್ ಹಾಕಿದ ಬೆರಳನ್ನು ಆ ಸ್ಕ್ರೀನು ಬೆರಳು ಎಂದೇ ಒಪ್ಪುವುದಿಲ್ಲ.

ಮೂರು. ಕೀ ಜೇಬಿನಲ್ಲಿಟ್ಟುಕೊಂಡು ಹತ್ತು ಹೆಜ್ಜೆ ದೂರ ಹೋದರೆ ಗಾಡಿ ತಾನೇ ಬೀಗ ಹಾಕಿಕೊಂಡು ಕನ್ನಡಿಗಳನ್ನು ಮಡಚಿಕೊಳ್ಳುತ್ತದೆ. ಹತ್ತಿರ ಬಂದರೆ ಹಾರ್ನ್ ಹೊಡೆದು, ದೀಪ ಮಿಟುಕಿಸಿ ಸ್ವಾಗತ ಮಾಡುತ್ತದೆ. ಅತಿ ವಿನಯಂ ಧೂರ್ತ ಲಕ್ಷಣಂ ಎಂದು ಸುಮ್ಮನೆ ಹೇಳಿಲ್ಲ.

ನಾಲ್ಕು. ಹಿಂಬಾಗಿಲು. ಇದನ್ನು ನಾಳೆ ಬರೆಯುತ್ತೇನೆ.

ಮಾರ್ಚ್ 5, ಬುಧವಾರ

ಕಂಪನಿಯವರಿಗೆ ಅರ್ಥವಾಗಬೇಕಾದರೆ ಮೊದಲಿನಿಂದ ಹೇಳಬೇಕು. ನಮ್ಮದು ಗಾಜು ಕೂರಿಸುವ ಕೆಲಸ, ಅಪ್ಪನ ಕಾಲದಿಂದ. ಭಾವ ತೀರಿಕೊಂಡ ಮೇಲೆ ಅಕ್ಕ ವರ್ಕ್‌ಶಾಪಿಗೆ ಬಂದಳು. ಇಪ್ಪತ್ತೆರಡು ವರ್ಷದಿಂದ ದೊಡ್ಡ ಗಾಜಿನ ಒಂದು ತುದಿ ಅವಳದು, ಇನ್ನೊಂದು ನನ್ನದು. ಅವಳು ಹಿಂದೆ ಹಿಂದೆ ಹೆಜ್ಜೆ ಇಡುತ್ತಾಳೆ, ನಾನು ಮುಂದೆ ನೋಡುತ್ತ ನಡೆಯುತ್ತೇನೆ. ಹಿಮ್ಮುಖ ನಡೆಯುವವರಿಗೆ ಕಣ್ಣಿಲ್ಲ, ಎದುರಿಗಿರುವವನೇ ಅವರ ಕಣ್ಣು. ಅಪ್ಪ ಕಲಿಸಿದ ಮೊದಲ ಪಾಠ ಅದು. ಗಾಡಿ ಹತ್ತಿರ ಬಂತೆಂದು ತಿಳಿಯಲು ಅಕ್ಕ ಹಿಮ್ಮಡಿಯಿಂದ ಬಂಪರನ್ನು ಮುಟ್ಟಿ ನೋಡುತ್ತಾಳೆ. ಹಳೆಯ ಗಾಡಿ ಇದ್ದಾಗಿನ ಅಭ್ಯಾಸ.

ಈಗ ಹೊಸ ಗಾಡಿಯ ಸೌಕರ್ಯಕ್ಕೆ ಬರೋಣ. ಕೀ ಜೇಬಿನಲ್ಲಿದ್ದು, ಬಂಪರಿನ ಕೆಳಗೆ ಕಾಲಾಡಿಸಿದರೆ ಸಾಕು, ಹಿಂಬಾಗಿಲು ತಾನಾಗಿಯೇ ಕೆಳಗೆ ಬಾಗಿ ಮಲಗುತ್ತದೆ. ಇನ್ನೊಮ್ಮೆ ಆಡಿಸಿದರೆ ಎದ್ದು ಮುಚ್ಚಿಕೊಳ್ಳುತ್ತದೆ. ಕೈಯಲ್ಲಿ ಸಾಮಾನು ಇರುವವರಿಗೆ ಅನುಕೂಲವಂತೆ. ಷೋರೂಮಿನಲ್ಲಿ ಇದನ್ನು ನೋಡಿ ನಾನು ಚಪ್ಪಾಳೆ ತಟ್ಟಿದ್ದೆ. ಅಕ್ಕ ತಟ್ಟಲಿಲ್ಲ. "ಒಂದು ಕೊಕ್ಕೆ, ಒಂದು ಸರಪಳಿ ಸಾಕಾಗಿತ್ತಲ್ಲೋ" ಎಂದಳು. ಅವಳಿಗೆ ಹೊಸದೆಂದರೆ ಆಗುವುದಿಲ್ಲ ಎಂದುಕೊಂಡೆ.

ಫೆಬ್ರವರಿ 27. ಟೈಲರಮ್ಮನ ಅಂಗಡಿಯ ಮುಂಗಾಜನ್ನು ಗಾಡಿಗೆ ಏರಿಸಬೇಕಿತ್ತು. ಎತ್ತುವ ಮೊದಲು ಅಕ್ಕ ಕೇಳಿದಳು, "ಆ ಕಾಲಿಂದು ಆಫ್ ಮಾಡಿದೀಯೇನೋ?" ನಾನು "ಹ್ಞೂಂ" ಎಂದೆ. ಎತ್ತಿದೆವು, ನಡೆದೆವು. ಅವಳು ತನ್ನ ತುದಿಯನ್ನು ಮಲಗಿದ್ದ ಹಿಂಬಾಗಿಲಿನ ಮೇಲೆ ಊರಿದಳು. ಬೆರಳು ಇನ್ನೂ ಗಾಜಿನ ಕೆಳಗಿತ್ತು. ಹಿಮ್ಮಡಿ ಬಂಪರನ್ನು ಹುಡುಕಿತು. ಬಾಗಿಲು ಟುಂಯ್ ಎಂದು ಮೇಲೇಳತೊಡಗಿತು.

ಯಾರಾದರೂ ಕೈ ಬಿಟ್ಟು ಆಚೆ ಹಾರುತ್ತಿದ್ದರು. ಅವಳು ಬಿಡಲಿಲ್ಲ. ನಾನು ನನ್ನ ತುದಿಯನ್ನು ಇಳಿಸಿ, ಗಾಜನ್ನು ಗೋಡೆಗೆ ಒರಗಿಸುವ ತನಕ ಬಿಡಲಿಲ್ಲ. ಬಲಗೈಯ ಎರಡು ಬೆರಳಿನ ನರ ಹರಿದವು. ಗಾಜಿಗೆ ಒಂದು ಗೀರೂ ಬೀಳಲಿಲ್ಲ.

ಯಾಕೆ ಬಿಡಲಿಲ್ಲ? ಇದರಲ್ಲಿ ಅವಳದೂ ತಪ್ಪಿದೆ. ನಾನು ಆಫ್ ಮಾಡಿದ್ದೆ. ಮಾಡಿದ್ದೆ ಎಂದರೆ ಮಾಡಿದ್ದೆ.

ಮಾರ್ಚ್ 8, ಶನಿವಾರ

ಆಸ್ಪತ್ರೆಯಿಂದ ಅಕ್ಕ ನೇರವಾಗಿ ಮಗಳ ಮನೆಗೆ ಹೋಗಿದ್ದಾಳೆ. ಬಸ್ಸಿನಲ್ಲಿ ಎರಡು ಗಂಟೆಯ ದಾರಿ. ಇವತ್ತು ಮೂರನೆಯ ಸಲ ಫೋನು ಮಾಡಿದೆ. ಸೊಸೆ ಎತ್ತಿದಳು. ಅಕ್ಕನ ಮಗಳನ್ನು ಚಿಕ್ಕಂದಿನಿಂದ ಹಾಗೇ ಕರೆದು ರೇಗಿಸುವುದು ನನ್ನ ರೂಢಿ.

"ಮಾಮ, ಅಮ್ಮ ಮಲಗಿದಾಳೆ."

ಹಿಂದಿನಿಂದ ಅಕ್ಕನ ದನಿ ಗಟ್ಟಿಯಾಗಿಯೇ ಕೇಳಿಸಿತು. "ಗಾಢ ನಿದ್ರೆ ಅಂತ ಹೇಳು."

ನನಗೆ ನಗು ಬಂತು. ಆಮೇಲೆ ನಗು ಹೋಯಿತು. ಅವಳು ನಗಿಸಲು ಹೇಳಿದ್ದಲ್ಲ.

ಮನೆಯಲ್ಲಿ ಎಲ್ಲ ಇಟ್ಟಲ್ಲೇ ಇದೆ. ಅದೇ ಬೇಸರ. ಅಕ್ಕ ಇದ್ದಾಗ ಕತ್ತರಿ ಎಲ್ಲಿಟ್ಟೆ, ಟೇಪು ಎಲ್ಲಿಟ್ಟೆ ಎಂದು ದಿನಕ್ಕೆ ಹತ್ತು ಸಲ ಜಗಳ. ಈಗ ಟೇಪು ಮೊಳೆಯಲ್ಲೇ ನೇತಾಡುತ್ತಿದೆ, ಕೇಳುವವರಿಲ್ಲ.

ಗಾಡಿಯ ದೂರು ಬರೆಯಬೇಕಿತ್ತು. ಕಪ್ ಇಡುವ ಗುಂಡಿ ಗೇರಿನ ಪಕ್ಕದಲ್ಲೇ ಇದೆ. ಚಹಾ ಇಟ್ಟರೆ ಗೇರು ಹಾಕಲು ಆಗುವುದಿಲ್ಲ, ಗೇರು ಹಾಕಿದರೆ ಚಹಾ ಉಳಿಯುವುದಿಲ್ಲ.

ಮಾರ್ಚ್ 11, ಮಂಗಳವಾರ

ಇವತ್ತಿನ ದೂರು ಹೊಸದು. ಅಕ್ಕನ ಸಾಮಾನಿನ ಚೀಲ ಪಕ್ಕದ ಸೀಟಿನಲ್ಲೇ ಇದೆ, ಅವತ್ತು ಅವಳೇ ಇಟ್ಟದ್ದು. ಕಟರು, ಇಕ್ಕಳ, ಪುಟ್ಟಿಯ ಡಬ್ಬಿ, ಒರೆಸುವ ಬಟ್ಟೆ. ಭಾರ ಇದೆ. ಗಾಡಿ ಅದನ್ನು ಮನುಷ್ಯರೆಂದು ತಿಳಿದು, ಸೀಟ್ ಬೆಲ್ಟ್ ಹಾಕಿಲ್ಲ ಎಂದು ಟಿಂಗ್ ಟಿಂಗ್ ಎನ್ನುತ್ತಿತ್ತು. ಮೂರು ಮೈಲಿ ಸಹಿಸಿದೆ. ನಾಲ್ಕನೆಯದಕ್ಕೆ ಗಾಡಿ ನಿಲ್ಲಿಸಿ, ಚೀಲಕ್ಕೆ ಬೆಲ್ಟ್ ಹಾಕಿದೆ.

ಸಿಗ್ನಲ್ಲಿನಲ್ಲಿ ಪಕ್ಕದ ಬೈಕಿನವನು ಇಣುಕಿ ನೋಡಿ ನಕ್ಕ. "ಯಾರು ಸರ್, ಮನೆಯವ್ರಾ?" ಎಂದ.

"ಅಕ್ಕ" ಎಂದೆ. ಬಾಯಿಗೆ ಬಂದದ್ದು ಅದು. ಹಸಿರು ದೀಪ ಬಂದದ್ದು ಪುಣ್ಯ.

ಮಾರ್ಚ್ 15, ಶನಿವಾರ

ಸಿಕ್ಕಿತು! ಗಾಡಿಯ ಜೊತೆ ಕೊಟ್ಟ ದಪ್ಪ ಪುಸ್ತಕದ 214ನೆಯ ಪುಟದ ಅಡಿಯಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ ಇದೆ. ಕಾಲಾಡಿಸುವ ಸೌಕರ್ಯವನ್ನು ಸ್ಕ್ರೀನಿನಲ್ಲಿ ಆಫ್ ಮಾಡಿದರೂ, ಪ್ರತಿ ಸಲ ಎಂಜಿನ್ ಹೊಸದಾಗಿ ಶುರುವಾದಾಗ ಅದು ತಾನಾಗಿಯೇ ಆನ್ ಆಗುತ್ತದಂತೆ. ಬಳಸುವವರ ಅನುಕೂಲಕ್ಕಾಗಿ! ಬೇಡ ಎಂದವನಿಗೆ ದಿನಾ ಬಡಿಸುವ ಅನುಕೂಲ. ಇನ್ನೊಂದು ಮಾತೂ ಇದೆ. ಬಾಗಿಲಿಗೆ ಏನಾದರೂ ಅಡ್ಡ ಬಂದರೆ ನಿಲ್ಲುತ್ತದೆ, ಆದರೆ ತಡೆ ಬಲವಾಗಿದ್ದರೆ ಮಾತ್ರ. ಅಂದರೆ ಕಂಬ ಅಡ್ಡ ಬಂದರೆ ನಿಲ್ಲುತ್ತದೆ. ಅಕ್ಕನ ಬೆರಳಿಗೆ ನಿಲ್ಲುವುದಿಲ್ಲ.

ನಾನು ಆ ವಾರದ ಸೋಮವಾರ ಆಫ್ ಮಾಡಿದ್ದೆ, ಗುರುವಾರ ಬೆಳಿಗ್ಗೆ ಗಾಡಿಯನ್ನು ವರ್ಕ್‌ಶಾಪಿನ ಬಾಗಿಲಿಗೆ ತಂದು ನಿಲ್ಲಿಸಿದ್ದೆ. ಆಗ ಮತ್ತೆ ಆನ್ ಆಗಿದೆ. ತಪ್ಪು ನನ್ನದಲ್ಲ, ಕಂಪನಿಯದು. ಅಚ್ಚಾಗಿಯೇ ಇದೆ!

ತಕ್ಷಣ ಫೋನು ಮಾಡಿದೆ. ಸೊಸೆಗೆ ಪುಟದ ಸಂಖ್ಯೆ ಸಮೇತ ಓದಿ ಹೇಳಿದೆ. ಫೋನು ಕೈ ಬದಲಾಯಿತು. ಹದಿನಾರು ದಿನದ ನಂತರ ಅಕ್ಕನ ದನಿ.

"ಓದು ಇನ್ನೊಂದ್ಸಲ."

ಓದಿದೆ.

"ಸರಿ. ಗಾಡಿ ತಪ್ಪು ಗಾಡೀದು. ನಾನು ಕೇಳ್ದಾಗ ನೀನು ಸ್ಕ್ರೀನ್ ನೋಡಿದ್ಯಾ?"

"ಅಕ್ಕ, ಸೋಮವಾರಾನೇ ಆಫ್ ಮಾಡಿದ್ದೆ ಅಂದ್ನಲ್ಲ…"

"ನಾನು ಕೇಳಿದ್ದು ಅದಲ್ಲ ಕಣೋ."

ಫೋನಿಟ್ಟಳು.

ಮಾರ್ಚ್ 16, ಭಾನುವಾರ

ಗಾಡಿಯಲ್ಲಿ ಇವತ್ತು ಯಾವ ದೋಷವೂ ಕಂಡುಬರಲಿಲ್ಲ.

ಮಾರ್ಚ್ 20, ಗುರುವಾರ

ಟೈಲರಮ್ಮ ವರ್ಕ್‌ಶಾಪಿಗೇ ಬಂದರು. ಅವರ ಅಂಗಡಿಯ ಮುಂದೆ ಮೂರು ವಾರದಿಂದ ಪ್ಲೈವುಡ್ ಹೊಡೆದಿದೆ.

"ಹಗಲು ಹೊತ್ತಲ್ಲಿ ದೀಪ ಹಾಕ್ಕೊಂಡು ಸೂಜಿಗೆ ದಾರ ಪೋಣಿಸ್ತಿದೀನಿ. ಒಳಗೆ ಜನ ಇದಾರೋ ಇಲ್ವೋ ಅಂತ ಗಿರಾಕಿಗಳು ಹಾಗೇ ಹೋಗ್ತಾರೆ. ನೀವೇ ಹೇಳಿ, ನಾನು ಎಷ್ಟು ದಿನ ಕಾಯ್ಲಿ?"

"ಅಕ್ಕ ಬರ್ಲಿ" ಎಂದೆ.

"ಬರ್ತಾರಾ?"

ಅವರ ಗಾಜು ಅಲ್ಲೇ ಗೋಡೆಗೆ ಒರಗಿ ನಿಂತಿತ್ತು. ಅವರು ಅದನ್ನು ನೋಡಿ, "ಅಯ್ಯೋ, ಎಷ್ಟು ಕೊಳೆಯಾಗಿದೆ, ಒರೆಸಬಾರ್ದಾ?" ಎಂದರು. ಕೊಳೆಯಲ್ಲ ಅದು. ಎಡ ಅಂಚಿನಲ್ಲಿ ಅಕ್ಕನ ಎಡಗೈ ಗ್ಲೌಸಿನ ಮುದ್ರೆ ಇದೆ, ಹೆಬ್ಬೆರಳು ಮೇಲೆ, ನಾಲ್ಕು ಬೆರಳು ಆಚೆ. ಗಾಜಿನವರು ಕೆಲಸ ಮುಗಿದ ಮೇಲೆ ಮೊದಲು ಮಾಡುವುದೇ ಒರೆಸುವುದು. ಕೈಗುರುತು ಬಿಟ್ಟುಹೋದರೆ ಅಪ್ಪ ಬಯ್ಯುತ್ತಿದ್ದರು. ಮೂರು ವಾರದಿಂದ ನಾನು ಬಟ್ಟೆ ಹಿಡಿದು ಆ ಗಾಜಿನ ಹತ್ತಿರ ಹೋಗಿಲ್ಲ.

ಒಬ್ಬನೇ ಮಾಡಬಹುದಾದ ಕೆಲಸ ಮಾತ್ರ ಒಪ್ಪುತ್ತಿದ್ದೇನೆ. ಫೋಟೋ ಚೌಕಟ್ಟು, ಬಚ್ಚಲು ಕನ್ನಡಿ, ಬೀರುವಿನ ಕದ. ಎಲ್ಲವೂ ತೋಳಿನ ಅಳತೆಯವು. ಕನ್ನಡಿ ಹೊತ್ತರೆ ಇನ್ನೊಂದು ತುದಿಯಲ್ಲಿ ನನ್ನದೇ ಮುಖ.

ಮಾರ್ಚ್ 24, ಸೋಮವಾರ

ಚೀಲವನ್ನು ಮನೆಯೊಳಗೆ ತಂದಿಟ್ಟೆ. ಟಿಂಗ್ ಟಿಂಗ್ ಇಲ್ಲ, ಬೆಲ್ಟ್ ಕಟ್ಟುವ ರಗಳೆ ಇಲ್ಲ. ಬೆಳಗಿನಿಂದ ಮಧ್ಯಾಹ್ನದ ತನಕ ಗಾಡಿ ಪೂರ್ತಿ ನಿಶ್ಶಬ್ದ. ಊಟಕ್ಕೆ ಬಂದಾಗ ಚೀಲವನ್ನು ಮತ್ತೆ ಸೀಟಿನ ಮೇಲಿಟ್ಟೆ. ಗಾಡಿ ಕೂಗಲು ಶುರು ಮಾಡಿತು. ಸ್ವಲ್ಪ ಹೊತ್ತು ಕೂಗಲಿ ಎಂದು ಬಿಟ್ಟು, ಆಮೇಲೆ ಬೆಲ್ಟ್ ಹಾಕಿದೆ.

ಪಕ್ಕದ ಸೀಟಿನಲ್ಲಿ ಯಾರೋ ಇದ್ದಾರೆ ಎಂದು ನಂಬಿರುವುದು ಇಡೀ ಊರಿನಲ್ಲಿ ಈ ಗಾಡಿ ಒಂದೇ.

ಚಹಾಕ್ಕೆ ಸಕ್ಕರೆ ಹಾಕುವುದನ್ನು ಬಿಟ್ಟಿದ್ದೇನೆ. ಅಕ್ಕ ಹಾಕಿಕೊಳ್ಳುತ್ತಿರಲಿಲ್ಲ, ಎರಡು ತರಹ ಮಾಡುವುದು ಯಾಕೆ ಎಂದು. ಈಗ ಮಾಡುವುದೇ ಒಂದು ಲೋಟ ಎಂಬುದು ಕುಡಿಯುವಾಗ ಹೊಳೆಯಿತು.

ಮಾರ್ಚ್ 27, ಗುರುವಾರ

ಟೈಲರಮ್ಮನ ಕಾಟಕ್ಕೆ ಒಬ್ಬ ಆಳನ್ನು ಗೊತ್ತು ಮಾಡಿದೆ. ಐವತ್ತೈದರ ಆಸುಪಾಸು, ಎಮ್ಮೆಯ ಕತ್ತು, ಹಿಂದೆ ಗೋದಾಮಿನಲ್ಲಿ ಮೂಟೆ ಹೊರುತ್ತಿದ್ದವನು. ಎಲ್ಲರೂ ಪೈಲ್ವಾನ ಎನ್ನುತ್ತಾರೆ. ಮೊದಲು ಪ್ಲೈವುಡ್ ಹಲಗೆ ಹಿಡಿಸಿ ಹಿಮ್ಮುಖ ನಡೆಯುವುದನ್ನು ಕಲಿಸಿದೆ.

"ಯಜಮಾನ್ರೇ, ಹಿಂದೆ ಕಾಣಲ್ವಲ್ಲ" ಎಂದ.

"ನಾನು ಕಾಣ್ತೀನಲ್ಲ, ನನ್ನ ನಂಬು" ಎಂದೆ.

ಹೇಳಿದ ಮೇಲೆ ಆ ಮಾತು ಬಾಯಲ್ಲಿ ಕಹಿಯಾಗಿ ಉಳಿಯಿತು. ಅಕ್ಕನಿಗೆ ಇದನ್ನು ನಾನು ಯಾವತ್ತೂ ಹೇಳಿರಲಿಲ್ಲ. ಹೇಳುವ ಅಗತ್ಯ ಬಿದ್ದಿರಲಿಲ್ಲ.

ಪೈಲ್ವಾನ ಒಳ್ಳೆಯವನು, ಆದರೆ ಮಾತು ಜಾಸ್ತಿ. ಅಕ್ಕ ಗಾಜು ಹಿಡಿದಾಗ ಮಾತಾಡುವುದಿಲ್ಲ. ಬೆರಳ ಗೆಣ್ಣಿನಿಂದ ಗಾಜನ್ನು ಒಂದು ಸಲ ಕುಟ್ಟಿದರೆ ಎತ್ತು, ಎರಡು ಸಲ ಕುಟ್ಟಿದರೆ ಇಳಿಸು. ಗಾಜಿನ ಆ ತುದಿಯಿಂದ ನನ್ನ ಅಂಗೈಗೆ ಬರುತ್ತಿದ್ದ ಆ ಸಣ್ಣ ಅದುರು ಎಷ್ಟು ಬೇಕಾಗಿದೆ ಎಂದು ಇವತ್ತು ಗೊತ್ತಾಯಿತು. ಪ್ಲೈವುಡ್ಡಿನಲ್ಲಿ ಅದು ಬರುವುದೇ ಇಲ್ಲ.

ಏಪ್ರಿಲ್ 1, ಮಂಗಳವಾರ

ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ಬೆಳಿಗ್ಗೆ ಗಾಡಿಯನ್ನು ವರ್ಕ್‌ಶಾಪಿನ ಹೊರಗೆ ನಿಲ್ಲಿಸಿ, ಕಾಲಿನ ಸೌಕರ್ಯವನ್ನು ಆಫ್ ಮಾಡಿದೆ. ಇಳಿದು, ಮತ್ತೆ ಹತ್ತಿ ಸ್ಕ್ರೀನು ನೋಡಿದೆ. ಮೂರನೆಯ ಸಲವೂ ನೋಡಿದೆ. ಆಫ್ ಇತ್ತು. ಹಿಂಬಾಗಿಲು ಇಳಿಸಿಟ್ಟು ಒಳಗೆ ಹೋದೆವು.

ಟೈಲರಮ್ಮನ ಗಾಜನ್ನು ಎತ್ತಿದೆವು. ಅಕ್ಕನ ಕೈಗುರುತು ಇರುವ ಅಂಚನ್ನು ಪೈಲ್ವಾನನಿಗೆ ಕೊಡದೆ ನಾನೇ ಹಿಡಿದೆ. ಬಾಗಿಲಿನಿಂದ ಗಾಡಿಯ ತನಕ ನಮ್ಮಲ್ಲಿ ಸಣ್ಣ ಏರು. ಹಿಮ್ಮುಖ ನಡೆಯುವವರು ಮೇಲೆ, ನಾನು ತಗ್ಗಿನಲ್ಲಿ. ಗಾಡಿಗೆ ಹತ್ತು ಹೆಜ್ಜೆ ಇರುವಾಗ ನನ್ನ ಜೇಬಿನ ಕೀಯನ್ನು ಗುರುತಿಸಿ ಹೊಸ ಅಳಿಯ ಸ್ವಾಗತ ಮಾಡಿದ. ಪೈಲ್ವಾನನ ಬೆನ್ನ ಹಿಂದೆ ಹಾರ್ನ್ ಹೊಡೆಯಿತು. ಅವನು ಬೆಚ್ಚಿಬಿದ್ದು ಕೈ ಬಿಟ್ಟ.

ತಪ್ಪೇನಿದೆ? ಯಾರಾದರೂ ಬಿಡುತ್ತಾರೆ.

ಅವನ ತುದಿ ನೆಲಕ್ಕೆ ಬಡಿಯಿತು, ಗಾಜು ಇಳಿಜಾರಿನಲ್ಲಿ ನನ್ನತ್ತ ಜಾರಿ ಬಂದು ಎರಡಾಯಿತು, ನಾಲ್ಕಾಯಿತು. ತೊಗಲಿನ ಏಪ್ರನ್ ಹೊಟ್ಟೆಯ ಹತ್ತಿರ ಒಂದು ಗೇಣು ಸೀಳಿದೆ. ಒಳಗಿನ ಅಂಗಿಗೂ ಗೀರಿದೆ. ಮೈಗೆ ತಾಗಿಲ್ಲ. ಪೈಲ್ವಾನ ಅಳುವ ಹಾಗಾಗಿ ನನ್ನ ಮೈಯೆಲ್ಲ ತಡವಿ ನೋಡಿದ. ಅವನಿಗೆ ನೀರು ಕುಡಿಸಿ, ಅಡ್ವಾನ್ಸ್ ವಾಪಸ್ ಬೇಡ ಎಂದು ಹೇಳಿ ಮನೆಗೆ ಕಳಿಸಿದೆ.

ಆಮೇಲೆ ಟೇಪು ತೆಗೆದುಕೊಂಡು ಹೋಗಿ ಅಳೆದೆ. ಇವತ್ತು ಅವನ ತುದಿ ಸೊಂಟದ ಎತ್ತರದಿಂದ ಬಿತ್ತು, ಹೊಟ್ಟೆಗೆ ಬಂತು. ಅವತ್ತು ಅಕ್ಕನ ತುದಿ ಹಿಂಬಾಗಿಲಿನ ಮೇಲಿತ್ತು, ಬಾಗಿಲು ಅದನ್ನು ಇನ್ನೂ ಮೇಲೆತ್ತುತ್ತಿತ್ತು. ನಾನು ಇದೇ ತಗ್ಗಿನಲ್ಲಿ ನಿಂತಿದ್ದೆ. ನೇರ ಗೆರೆ ಎಳೆದರೆ ನನ್ನ ಕುತ್ತಿಗೆ.

ಅವಳು ಬಿಟ್ಟಿದ್ದರೆ ಅವಳ ಬೆರಳು ಉಳಿಯುತ್ತಿತ್ತು, ನಾನು ಉಳಿಯುತ್ತಿರಲಿಲ್ಲ. ಅದಕ್ಕೇ ಬಿಡಲಿಲ್ಲ. ಯಾಕೆ ಬಿಡಲಿಲ್ಲ ಎಂದು ನಾನು ಇಷ್ಟು ದಿನ ಅವಳನ್ನು ಬೈದುಕೊಂಡೆ.

ಚೂರು ಗುಡಿಸುವಾಗ ಅವಳ ಕೈಗುರುತಿನ ತುಂಡು ಸಿಗಬಹುದೆಂದು ಹುಡುಕಿದೆ. ಹೆಬ್ಬೆರಳಿನ ಅರ್ಧ ಸಿಕ್ಕಿತು.

ಏಪ್ರಿಲ್ 2, ಬುಧವಾರ

ನೋಡಿರಲಿಲ್ಲ.

ಅಕ್ಕ ಕೇಳಿದಾಗ ಸ್ಕ್ರೀನು ನನ್ನಿಂದ ನಾಲ್ಕು ಹೆಜ್ಜೆ ದೂರದಲ್ಲಿತ್ತು. ಗ್ಲೌಸ್ ಹಾಕಿಕೊಂಡಾಗಿತ್ತು. ನೋಡಬೇಕಾದರೆ ಗ್ಲೌಸ್ ಬಿಚ್ಚಬೇಕು, ಹತ್ತಬೇಕು, ಮೂರು ಪುಟ ತಿರುವಬೇಕು. ಈ ಗಾಡಿ ಬೇಡವಿತ್ತು ಎಂದು ಅವಳು ಮತ್ತೆ ಶುರು ಮಾಡುತ್ತಾಳೆ ಎಂಬ ಸಿಟ್ಟೂ ಇತ್ತು. ನೋಡದೆ ಹ್ಞೂಂ ಎಂದೆ. ಅವಳ ಕಣ್ಣಾಗಿದ್ದವನು ನಾನು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನೆಲ ಡೊಂಕಾಗಿಯೇ ಇದೆ, ಅದು ಬೇರೆ ಮಾತು.

ಏಪ್ರಿಲ್ 3, ಗುರುವಾರ

ಹಿಂದಿನ ಬೀದಿಯ ಮೆಕ್ಯಾನಿಕ್ ಬಂಪರಿನ ಕೆಳಗೆ ಮಲಗಿ ಆ ಸೆನ್ಸರಿನ ವೈರನ್ನು ಕಿತ್ತುಹಾಕಿದ. ಸ್ವಾಗತದ ಹಾರ್ನನ್ನೂ ಬಾಯಿ ಮುಚ್ಚಿಸಿದ. ಹಿಂಬಾಗಿಲಿಗೆ ಎರಡು ಕೊಕ್ಕೆ, ಒಂದು ಸರಪಳಿ ಬೆಸುಗೆ ಹಾಕಿಸಿದೆ. "ಇಷ್ಟು ಒಳ್ಳೆ ಗಾಡಿಗೆ ಸರಪಳೀನಾ? ಗ್ಯಾರಂಟಿ ಹೋಗುತ್ತೆ ಅಣ್ಣ" ಎಂದ. ಹೋಗಲಿ ಎಂದೆ.

ಈಗ ಗಾಡಿ ಶುರು ಮಾಡಿದರೆ ಸ್ಕ್ರೀನಿನಲ್ಲಿ ಹಳದಿ ದೀಪ ಬರುತ್ತದೆ, ಹಿಂಬಾಗಿಲಿನಲ್ಲಿ ದೋಷವಿದೆ ಎಂದು. ಆರುವುದೇ ಇಲ್ಲ. ಇರಲಿ. ಟೈಲರಮ್ಮನ ಹೊಸ ಗಾಜಿಗೆ ಆರ್ಡರ್ ಕೊಟ್ಟು, ಅವರಿಗೆ ಇರುವ ವಿಷಯ ಹೇಳಿ ಬಂದೆ. ಗಾಜು ಒಡೆದದ್ದು ಹೇಳಿದೆ, ಅಕ್ಕನ ಕೈ ಹೋದದ್ದು ಯಾರಿಂದ ಎಂದೂ ಹೇಳಿದೆ. ಅವರು ಬಯ್ಯಲಿಲ್ಲ. "ಇದನ್ನ ನನಗೆ ಯಾಕೆ ಹೇಳ್ತೀರಿ?" ಎಂದರು.

ಏಪ್ರಿಲ್ 6, ಭಾನುವಾರ

ಹೋಗಿ ಬಂದೆ.

ಸೊಸೆ ಬಾಗಿಲು ತೆಗೆದು ಒಳಗೆ ಕೈ ತೋರಿಸಿದಳು. ಅಕ್ಕ ಕಿಟಕಿಯ ಪಕ್ಕ ಕೂತು ರಬ್ಬರ್ ಚೆಂಡನ್ನು ಅಮುಕುತ್ತಿದ್ದಳು. ಮೂರು ಬೆರಳು ಚೆಂಡನ್ನು ಹಿಡಿದಿದ್ದವು. ಉಂಗುರದ ಬೆರಳು, ಕಿರುಬೆರಳು ತಮಗೆ ಸಂಬಂಧವಿಲ್ಲದವರ ಹಾಗೆ ನೆಟ್ಟಗೆ ನಿಂತಿದ್ದವು. ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತೆಲ್ಲ ಮರೆತುಹೋಯಿತು.

"ಅಕ್ಕ, ನಾನು ನೋಡಿರ್ಲಿಲ್ಲ."

ಚೆಂಡು ಅಮುಕುವುದು ನಿಂತಿತು.

"ಗೊತ್ತಿತ್ತು" ಎಂದಳು.

"ಯಾವಾಗಿಂದ?"

"ನೀನು ಹ್ಞೂಂ ಅಂದಾಗಿಂದ. ನೀನು ನೋಡಿ ಹ್ಞೂಂ ಅನ್ನೋದೇ ಬೇರೆ, ನೋಡ್ದೆ ಅನ್ನೋದೇ ಬೇರೆ. ಐವತ್ತೆರಡು ವರ್ಷದಿಂದ ಕೇಳ್ತಿದೀನಲ್ಲೋ."

"ಮತ್ತೆ ಯಾಕೆ ಎತ್ತಿದೆ?"

"ಅದನ್ನೇ ಇಲ್ಲಿ ಕೂತು ನನ್ನನ್ನ ನಾನೇ ಕೇಳ್ಕೊಳ್ತಿದೀನಿ." ಚೆಂಡನ್ನು ಮತ್ತೆ ಅಮುಕಿದಳು. "ನಿನ್ನ ಮೇಲೆ ಕೋಪ ಬೆರಳಿಗಲ್ಲ. ಬೆರಳು ಹೋದ್ಮೇಲೂ ಪುಟ ಓದ್ತಿದ್ಯಲ್ಲ, ಇನ್ನೂರ ಹದಿನಾಲ್ಕು ಅಂತ. ಅದಕ್ಕೆ."

ಅಳಬಾರದು ಎಂದುಕೊಂಡಿದ್ದೆ, ಅತ್ತೆ. ಸೊಸೆ ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ಜಾಸ್ತಿ ಮಾಡಿದಳು. ನೀನು ಯಾಕೆ ಕೈ ಬಿಡಲಿಲ್ಲ ಎಂಬುದು ತಿಳಿಯಿತು, ಟೇಪು ಹಿಡಿದು ಅಳೆದೆ ಎಂದು ಹೇಳಿದೆ. ಸೀಳಿದ ಏಪ್ರನ್ ವಿಷಯವನ್ನೂ ಹೇಳಿದೆ.

"ಅಷ್ಟು ತಿಳಿಯೋಕೆ ಒಂದು ಗಾಜು ಒಡೀಬೇಕಾಯ್ತಾ?" ಎಂದಳು. ಆಮೇಲೆ ಎಡಗೈ ಚಾಚಿ ನನ್ನ ಹೊಟ್ಟೆಯ ಹತ್ತಿರ ಅಂಗಿಯನ್ನು ಎಳೆದು, ಗಾಜು ಬಂದ ಜಾಗವನ್ನು ನೋಡಿದಳು. ಮೈಗೆ ತಾಗಿಲ್ಲ ಎಂದು ಖಾತ್ರಿಯಾಗುವ ತನಕ ನೋಡಿದಳು.

ಊಟ ಹಾಕಿದರು. ಅವಳು ಎಡಗೈಯಲ್ಲಿ ಚಮಚ ಹಿಡಿದು ಉಂಡಳು. ಹೊರಡುವಾಗ ಕೇಳಿದೆ, "ಬರ್ತೀಯಾ?"

"ಬಂದು ಏನು ಮಾಡ್ಲಿ? ಈ ಕೈಲಿ ಗಾಜು ಹಿಡಿಯೋಕಾಗಲ್ಲ. ಡಾಕ್ಟ್ರು ಇಷ್ಟೇ ಅಂದಿದಾರೆ."

"ಹಿಡಿಯೋಕೆ ಪೈಲ್ವಾನ ಇದಾನೆ. ನೋಡೋಕೆ ಬಾ."

ಅವಳು ಬಾಗಿಲ ತನಕ ಬಂದು, "ಹೊಸ ಅಳಿಯ ಹೇಗಿದಾನೆ?" ಎಂದಳು. ಸರಪಳಿ ಹಾಕಿಸಿದ್ದು ಹೇಳಿದೆ. ನಗಲಿಲ್ಲ. ನಗುವನ್ನು ತಡೆದುಕೊಂಡಳು ಎಂದು ನನಗನ್ನಿಸಿತು, ನನ್ನ ಆಸೆಯೂ ಇರಬಹುದು.

ಏಪ್ರಿಲ್ 9, ಬುಧವಾರ

ಸರ್ವೀಸ್ ಸೆಂಟರಿನ ಮ್ಯಾನೇಜರು ಫೋನು ಮಾಡಿದ್ದ. "ಸರ್, ತಿಂಗಳಾಯ್ತು. ಪಟ್ಟಿ ರೆಡಿ ಇದ್ಯಾ?"

ಪುಸ್ತಕ ತೆರೆದು ಮೊದಲಿನಿಂದ ಓದಿಕೊಂಡೆ. ಅವನಿಗೆ ಕಳಿಸುವಂಥದ್ದು ಹೆಚ್ಚೇನೂ ಇಲ್ಲ. ಬೇರೆ ಹಾಳೆಯಲ್ಲಿ ಒಂದೇ ದೂರು ಬರೆದು ಕಳಿಸಿದೆ. ಒಮ್ಮೆ ಬೇಡ ಎಂದದ್ದನ್ನು ಗಾಡಿ ಮತ್ತೆ ತಾನಾಗಿ ಶುರು ಮಾಡಬಾರದು, ಬೇರೆ ಯಾರದೋ ಕೈ ಅಲ್ಲಿರುತ್ತದೆ ಎಂದು.

ಫೋನು ಬಂದಾಗಲೆಲ್ಲ ಎದ್ದು ಓಡುತ್ತಿದ್ದೇನೆ. ಅಕ್ಕನದಲ್ಲ.

ಏಪ್ರಿಲ್ 14, ಸೋಮವಾರ

ಹೊಸ ಗಾಜು ಬಂತು. ನಾಳೆ ಕೂರಿಸಬೇಕು. ಪೈಲ್ವಾನನನ್ನು ಕರೆದು, ಹೆದರಬೇಡ ಎಂದೆ. "ಹೆದರಿಕೆ ಇಲ್ಲ ಯಜಮಾನ್ರೇ, ಆದ್ರೆ ಹಿಂದೆ ಯಾರಾದ್ರೂ ಇದ್ದಿದ್ರೆ ಚೆನ್ನಾಗಿತ್ತು" ಎಂದ. ಅವನಿಗೂ ಹಾಗೇ ಅನ್ನಿಸುತ್ತದೆ.

ಮಲಗುವ ಮೊದಲು ಒಲೆ ಆರಿಸಿದ್ದೇನೆಯೇ ಎಂದು ನೋಡಿದೆ, ಬೀಗ ನೋಡಿದೆ. ಇತ್ತೀಚೆಗೆ ಎಲ್ಲವನ್ನೂ ಎರಡೆರಡು ಸಲ ನೋಡುತ್ತೇನೆ. ವಯಸ್ಸಾಯಿತು.

ಏಪ್ರಿಲ್ 15, ಮಂಗಳವಾರ

ಬೆಳಿಗ್ಗೆ ವರ್ಕ್‌ಶಾಪಿನ ಬಾಗಿಲು ತೆಗೆಯಲು ಹೋದರೆ ಮೆಟ್ಟಿಲ ಮೇಲೆ ಅಕ್ಕ ಕೂತಿದ್ದಳು. ಮೊದಲ ಬಸ್ಸಿಗೆ ಬಂದಿದ್ದಳಂತೆ. "ಎಷ್ಟು ಹೊತ್ತಿಗೆ ಏಳ್ತೀಯೋ? ನಾನಿಲ್ಲಾಂದ್ರೆ ಮಧ್ಯಾಹ್ನ ಬಾಗಿಲು ತೆಗೀತಿದ್ದೆ ಅನ್ಸುತ್ತೆ" ಎಂದಳು. ಅಷ್ಟೇ. ನಾನು ಬೀಗ ತೆಗೆದೆ.

ಗಾಜು ಏರಿಸುವಾಗ ಅವಳು ಪೈಲ್ವಾನನ ಬೆನ್ನ ಹಿಂದೆ ಓರೆಯಾಗಿ ನಿಂತು, ಎಡಗೈಯನ್ನು ಅವನ ಭುಜದ ಮೇಲಿಟ್ಟು ದಾರಿ ಹೇಳಿದಳು. ಅವನು ಒಂದು ಮಾತೂ ಆಡಲಿಲ್ಲ. ಗಾಡಿ ಹತ್ತಿರವಾದಾಗ ಅವಳ ಹಿಮ್ಮಡಿ ತನ್ನಷ್ಟಕ್ಕೆ ಬಂಪರನ್ನು ಹುಡುಕಿತು. ಹಿಂಬಾಗಿಲು ಸುಮ್ಮನೆ ಮಲಗಿತ್ತು. ಸರಪಳಿ ಸ್ವಲ್ಪ ಅಲುಗಾಡಿತು. ಅವಳು ಅದನ್ನು ನೋಡಿದಳು, ನನ್ನನ್ನು ನೋಡಿದಳು, ಎಡಗೈ ಗೆಣ್ಣಿನಿಂದ ಗಾಜನ್ನು ಎರಡು ಸಲ ಕುಟ್ಟಿದಳು. ಅದುರು ಅಂಗೈಗೆ ಬಂತು. ಇಳಿಸಿದೆವು.

ಪೈಲ್ವಾನ ಹಿಂದೆ ಕೂತ. ಅಕ್ಕ ಪಕ್ಕದ ಸೀಟಿನ ಬಾಗಿಲು ತೆಗೆದು ನಿಂತಳು. ಅವಳ ಚೀಲ ಬೆಲ್ಟ್ ಕಟ್ಟಿಕೊಂಡು ಕೂತಿತ್ತು. ಅದನ್ನು ಎಷ್ಟೋ ಹೊತ್ತು ನೋಡಿದಳು. ಬಿಚ್ಚಿ, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು.

ಗಾಡಿ ಶುರು ಮಾಡಿದೆ. ಹಳದಿ ದೀಪ ಬಂತು. ಟಿಂಗ್ ಟಿಂಗ್ ಶುರುವಾಯಿತು. ಅವಳು ಬೆಲ್ಟನ್ನು ಎಡಗೈಯಲ್ಲಿ ಎಳೆದು ತಂದಳು, ಕೊಂಡಿಗೆ ಸಿಕ್ಕಿಸಲು ಬಲಗೈ ಬೇಕಿತ್ತು. ಎರಡು ಬೆರಳು ಅಡ್ಡ ಬಂದವು. ಇನ್ನೊಮ್ಮೆ ಸಿಕ್ಕಿಸಲು ನೋಡಿದಳು, ಮತ್ತೊಮ್ಮೆ. ಟಿಂಗ್ ಟಿಂಗ್ ಜೋರಾಯಿತು. ಕೈ ಚಾಚಲೋ ಬೇಡವೋ ಎಂದು ನಾನು ಸ್ಟಿಯರಿಂಗ್ ಹಿಡಿದೇ ಕೂತಿದ್ದೆ.

"ಹಾಕೋ" ಎಂದಳು, ಮುಂದಿನ ರಸ್ತೆಯನ್ನೇ ನೋಡುತ್ತ. "ನೋಡಿ ಹಾಕು."

ನೋಡಿದೆ. ಅವಳ ಬೆರಳು ಎಲ್ಲಿವೆ ಎಂದು ನೋಡಿದೆ, ಆಮೇಲೆ ಹಾಕಿದೆ. ಸದ್ದು ನಿಂತಿತು. ಗಾಡಿ ಹೊರಡಿಸುವ ಮೊದಲು ಇನ್ನೊಮ್ಮೆ ನೋಡಿದೆ.